ಮೊಗ್ಗಿನ ಜಡೆ ಕಟಿಂಗ್: ನನ್ನ ಅನುಭವ

ಮೊಗ್ಗಿನ ಜಡೆ ಹಾಕಿರೋ ಮದುಮಗಳ ಸೈಡ್ ಪೋಸ್ ಫೋಟೋನ ಫೋಟೋಶಾಪಲ್ಲಿ ಬ್ಯಾಕ್‌ಗ್ರೌಂಡಿಂದ ಬಿಡಿಸಿ (ಇದನ್ನೇ ಕಟಿಂಗ್ ಅನ್ನೋದು) ಆಲ್ಬಂ ಶೀಟಲ್ಲಿ ಅಂಚು ಕಾಣದಂಗೆ ಕೂರಿಸೋದು ಆಗದ ಕೆಲ್ಸ ಅಂತ ನಮ್ಮ ಕಡೆ ಡಿಸೈನರ್‌ಗಳೆಲ್ಲ ಹೇಳ್ತಿದ್ರು. ಆಗುತ್ತೆ. ಹೋದ ಸೀಸನ್ ಪೂರ್ತಿ ಹಂಗೇ ಮಾಡಿದೀನಿ, ಒಂದು ಆಲ್ಬಮ್ಮೂ ವಾಪಸ್ ಬಂದಿಲ್ಲ.

ನಾನಿರೋದು ತಿಪಟೂರಲ್ಲಿ. ಆಲ್ಬಂ ಡಿಸೈನ್, ಜೊತೆಗೆ ಫ್ಲೆಕ್ಸ್. ಫ್ಲೆಕ್ಸಲ್ಲಿ ಕಟಿಂಗ್ ಸುಮಾರಾಗಿದ್ರೂ ನಡೆಯುತ್ತೆ, ಜನ ರಸ್ತೆಯಿಂದ ನೋಡೋದು. ಆಲ್ಬಂ ಹಂಗಲ್ಲ, 12×36 ಇಂಚಿನ ಶೀಟು ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್ನಲ್ಲಿ ಅಂದ್ರೆ 10,800 ಪಿಕ್ಸೆಲ್ ಅಗಲ, ಮನೆ ಹೆಂಗಸ್ರೆಲ್ಲ ತೊಡೆ ಮೇಲೆ ಇಟ್ಕೊಂಡು ಒಂದೊಂದು ಒಡವೆಗೂ ಬೆರಳಿಟ್ಟು ನೋಡ್ತಾರೆ. ಮೂರು ವರ್ಷದ ಹಿಂದೆ ಒಂದು ಆಲ್ಬಂ ಕೊಟ್ಟಾಗ ಹುಡುಗಿ ತಾಯಿ ಎರಡನೇ ಶೀಟಲ್ಲೇ ನಿಂತ್ಬಿಟ್ರು. "ಏನಪ್ಪಾ ಇದು, ನಮ್ಮ ಹುಡ್ಗಿ ತಲೆ ಸುತ್ತ ಬೂದಿ ಬಳಿದಂಗಿದೆಯಲ್ಲ?" ಅಂದ್ರು. ಅವ್ರು ಹೇಳಿದ್ದು ನಿಜ. ಆರತಕ್ಷತೆ ಸ್ಟೇಜಿನ ನೇರಳೆ ಲೈಟು ಕೂದಲಂಚಿಗೆ ಹತ್ಕೊಂಡಿತ್ತು, ನಾನು ಅದನ್ನ ಹಂಗೇ ಎತ್ತಿ ಕೆನೆ ಬಣ್ಣದ ಬ್ಯಾಕ್‌ಗ್ರೌಂಡ್ ಮೇಲೆ ಇಟ್ಟಿದ್ದೆ. ಬೈಂಡ್ ಆದ ಆಲ್ಬಂ, ಒಂದು ಶೀಟ್ ಮಾತ್ರ ಬದಲಾಯ್ಸಕ್ಕೆ ಆಗಲ್ಲ. ಪೂರ್ತಿ ರೀಪ್ರಿಂಟ್, ಸುಮಾರು ಆರೂವರೆ ಸಾವಿರ ಕೈಯಿಂದ ಹೋಯ್ತು, ಡಿಸೈನ್ ಚಾರ್ಜೂ ಕೇಳಕ್ಕೆ ಮುಖ ಇರ್ಲಿಲ್ಲ.

ಆಗ ನಾನು ಮಾಡ್ತಿದ್ದಿದ್ದು ಎಲ್ರೂ ಮಾಡೋದೇ, ಆಳನ್ನ ತಾನೇ ಗುರುತಿಸೋ ಸೆಲೆಕ್ಟ್ ಸಬ್ಜೆಕ್ಟ್ ಒತ್ತೋದು, ಸೆಲೆಕ್ಟ್ ಆ್ಯಂಡ್ ಮಾಸ್ಕಿಗೆ ಹೋಗಿ ಕೂದಲ ಮೇಲೆ ರಿಫೈನ್ ಬ್ರಷ್ ಎಳೆಯೋದು, ಅಂಚಿಗೆ ಹತ್ತಿದ ಹಳೇ ಬಣ್ಣನ ಪಕ್ಕದ ಬಣ್ಣದಿಂದ ಮುಚ್ಚೋ ಡಿಕಂಟಾಮಿನೇಟ್ ಟಿಕ್ ಮಾಡಿ ಓಕೆ. ಬಿಟ್ಟ ಕೂದಲಿಗೆ ಪರವಾಗಿಲ್ಲ, ನಾನೂ ಈಗ್ಲೂ ಬಳಸ್ತೀನಿ. ಆದ್ರೆ ಮೊಗ್ಗಿನ ಜಡೆಗೆ ಅದು ಸೋಲುತ್ತೆ, ಯಾಕಂದ್ರೆ ಅಂಚಲ್ಲಿ ಒಂದು ಕಡೆ ಬಿಳಿ ಮೊಗ್ಗು, ಪಕ್ಕದಲ್ಲೇ ಕಪ್ಪು ಕೂದಲು, ಡಿಕಂಟಾಮಿನೇಟ್ ಮಾಡಿದ್ರೆ ಮೊಗ್ಗಿನ ಬಿಳಿ ಕೂದಲಿಗೆ ಹರಡುತ್ತೆ, ಕೂದಲ ಕಪ್ಪು ಮೊಗ್ಗಿಗೆ ಬರುತ್ತೆ. ಜುಮುಕಿ ಮತ್ತು ಕುತ್ತಿಗೆ ಮಧ್ಯದ ಸಂದು, ಬಳೆ ಸಂದು, ಇವೆಲ್ಲ ಹಳೇ ಬಣ್ಣ ತುಂಬ್ಕೊಂಡು ಹಂಗೇ ಉಳ್ಕೊಳ್ಳುತ್ತೆ.

ಆಮೇಲೆ ಪೂರ್ತಿ ಚಾನೆಲ್ಲಿಂದ ಮಾಡ್ತೀನಿ ಅಂತ ಹೊರಟೆ. ಫೋಟೋದ ಕೆಂಪು, ಹಸಿರು, ನೀಲಿ ಒಂದೊಂದೂ ಬೇರೆ ಬೇರೆ ಕಪ್ಪು ಬಿಳಿ ಚಿತ್ರವಾಗಿ ಇರುತ್ತೆ, ಅದೇ ಚಾನೆಲ್. ಬ್ಲೂ ಚಾನೆಲ್ ಕಾಪಿ, ಲೆವೆಲ್ಸ್ ಎಳೆದು ಕೂದಲು ಕಪ್ಪು ಹಿಂದೆ ಬಿಳಿ ಮಾಡಿದ್ರೆ ಮೊಗ್ಗೂ ಬಿಳಿಯಾಗಿ ಹೋಗಿ ಜಡೆ ತುಂಬ ತೂತು. ಒಂದು ವಾರ ರಾತ್ರಿ 12ರ ತನಕ ಕೂತು ಆ ತೂತುಗಳನ್ನ ಬ್ರಷ್ಷಲ್ಲಿ ತುಂಬಿದ್ದೇ ತುಂಬಿದ್ದು. ಒಂದು ಫೋಟೋಗೆ ಒಂದೂವರೆ ಗಂಟೆ. ನಮ್ಮ ಊರಲ್ಲಿ ಮಾಮೂಲಿ ಕಟಿಂಗಿಗೆ ಸಿಗೋದು 15-20 ರೂಪಾಯಿ. ನಂಗೆ ಕೆಲ್ಸ ಕೊಡೋ ಸ್ಟುಡಿಯೋ ಅಣ್ಣ ನೋಡಿ, "ಲೋ, ಕೂದ್ಲಿಗೆ ಅಷ್ಟೊತ್ತು ಕೂತ್ಕೊಂಡ್ರೆ ಹೊಟ್ಟೆ ತುಂಬುತ್ತೇನೋ? ಸಾಫ್ಟ್ ಬ್ರಷ್ ಹೊಡೆದು ಕಳ್ಸು" ಅಂದ್ರು.

ಅಂಚನ್ನೆಲ್ಲ ಒಂದೇ ಸಮ ಮಸುಕು ಮಾಡೋ ಸಾಫ್ಟ್ ಬ್ರಷ್ ಹೊಡೆಯೋದೇ ತಪ್ಪು. ಮೊಗ್ಗಿನ ಅಂಚು ಚೂಪಾಗಿರುತ್ತೆ, ಕಿವಿ ಹತ್ರ ಎಳೆ ಕೂದಲು ಮಸುಕಾಗಿರುತ್ತೆ, ಸೀರೆ ಸೆರಗಿನ ಜರಿ ಮತ್ತೆ ಚೂಪು, ಇಷ್ಟಕ್ಕೂ ಒಂದೇ ಮಾಸ್ಕ್ (ಯಾವ ಭಾಗ ಕಾಣ್ಬೇಕು, ಯಾವುದು ಮರೆಯಾಗ್ಬೇಕು ಅಂತ ಹೇಳೋ ಪದರ) ಸಾಲಲ್ಲ ಅನ್ನೋದು ತಲೆಗೆ ಹೋದ ದಿನದಿಂದ ಕೆಲ್ಸ ಬದಲಾಯ್ತು.

ಈಗ ನಾನು ಮಾಡೋದು ಹೀಗೆ. ಮೊದ್ಲು ಪೆನ್ ಟೂಲಲ್ಲಿ ಮೈ, ಸೀರೆ, ಕೈ, ಜಡೆಯ ಮೊಗ್ಗು ಇರೋ ಕಡೆ ಪಾತ್, ಅಂದ್ರೆ ಕತ್ತರಿಸೋ ಗೆರೆ. 200% ಜೂಮಲ್ಲಿ, ಅಂಚಿಗಿಂತ ಒಂದು ಪಿಕ್ಸೆಲ್ ಒಳಗೆ. ಮೊಗ್ಗನ್ನ ಒಂದೊಂದಾಗಿ ಸುತ್ತಬೇಕು, ಸಾಲಾಗಿ ನೇರ ಗೆರೆ ಎಳೆದ್ರೆ ಜಡೆ ಮರದ ಹಲಗೆ ಥರ ಕಾಣುತ್ತೆ. ಕೂದಲು ಇರೋ ಕಡೆ ಪಾತನ್ನ ಧಾರಾಳವಾಗಿ ಒಳಗೆ ತಗೊಂಡು ಹೋಗಿ. ಫೆದರ್ (ಅಂಚಿನ ಮಸುಕು) 0.5, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ಹಣೆ, ಕಿವಿ ಪಕ್ಕ, ಕತ್ತಿನ ಹಿಂದೆ, ಈ ಮೂರು ಜಾಗಕ್ಕೆ ಮಾತ್ರ ಚಾನೆಲ್. ಯಾವ ಚಾನೆಲ್ ಅನ್ನೋದು ಹಿಂದೆ ಏನಿದೆ ಅನ್ನೋದರ ಮೇಲೆ. ನೇರಳೆ ಲೈಟ್ ಇದ್ರೆ ಬ್ಲೂ ಚೆನ್ನಾಗಿ ಬರುತ್ತೆ. ಚೆಂಡು ಹೂವಿನ ಮಂಟಪ ಇದ್ರೆ ಬ್ಲೂಗೆ ಹೋಗ್ಲೇಬೇಡಿ, ಹಳದಿ ಹೂವೂ ಕೂದಲಷ್ಟೇ ಕಪ್ಪಾಗಿ ಕೂತಿರುತ್ತೆ, ರೆಡ್ ತಗೊಳ್ಳಿ. ರಿಸೆಪ್ಷನ್ ಫೋಟೋಗಳು ಕಡಿಮೆ ಬೆಳಕಿಗೆ ಅಂತ ಹೆಚ್ಚಾಗಿ ಐಎಸ್ಒ 3200ರಲ್ಲಿ ತೆಗೆದಿರ್ತಾರೆ, ಬ್ಲೂ ಚಾನೆಲಲ್ಲಿ ರವೆ ರವೆ ಗ್ರೇನ್, ಕಾಪಿ ಮಾಡಿದ ಚಾನೆಲ್‌ಗೆ ಗ್ರೇನ್ ಅಳಿಸೋ ಮೀಡಿಯನ್ ಫಿಲ್ಟರ್ 1 ಕೊಟ್ಟು ಆಮೇಲೆ ಲೆವೆಲ್ಸ್ ಎಳೀರಿ. ಉಳಿದಿದ್ದಕ್ಕೆ ಬ್ರಷ್ಷನ್ನ ಓವರ್‌ಲೇ ಮೋಡಲ್ಲಿಟ್ಟು 20-25%ರಲ್ಲಿ ಕಪ್ಪು ಬಿಳಿ ಹೊಡೆದ್ರೆ ಬೂದು ಇದ್ದಿದ್ದು ಮಾತ್ರ ಸರಿಯುತ್ತೆ, ಎಳೆ ಕಟ್ ಆಗಲ್ಲ.

ಪಾತಿಂದ, ಚಾನೆಲ್ಲಿಂದ ಬಂದ ಎರಡೂ ಮಾಸ್ಕ್ ಸೇರಿಸಿದ ಮೇಲೆ ಬಣ್ಣ. ಬೂದಿ ಬಳಿದಂಗೆ ಕಾಣ್ತಿದ್ದಿದ್ದು ಮಾಸ್ಕ್ ತಪ್ಪಿಂದಲ್ಲ, ಬಣ್ಣದಿಂದ. ಕತ್ತರಿಸಿದ ಫೋಟೋಗೆ ಮಾತ್ರ ತಾಗೋ ಹಂಗೆ ಮೇಲೊಂದು ಲೇಯರ್ ಕ್ಲಿಪ್ ಮಾಡಿ, ಬಣ್ಣ ಮಾತ್ರ ಬದಲಾಯ್ಸೋ ಕಲರ್ ಮೋಡ್, ಒಳಗಿನ ಕೂದಲಿಂದ ಬಣ್ಣ ಎತ್ಕೊಂಡು ಅಂಚಿಗೆ ಮೆಲ್ಲಗೆ ಹೊಡೀರಿ. ಅದಾದ್ಮೇಲೂ ಅಂಚು ಬೆಳ್ಳಗಿದ್ರೆ ಅದೇ ಥರ ಇನ್ನೊಂದು ಲೇಯರ್, ಕಪ್ಪಾಗಿಸೋ ಮಲ್ಟಿಪ್ಲೈ ಮೋಡಲ್ಲಿ. ಮೊಗ್ಗಿನ ನೆರಳು ಕೂದಲ ಮೇಲೆ ನಿಜವಾಗಿ ಕೂರೋ ಹಂಗೆ ಕೊನೇಲಿ ನಾನೊಂದು ಕೆಲ್ಸ ಮಾಡ್ತೀನಿ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳಲ್ಲ.

ಪೆನ್ ಟ್ಯಾಬ್ಲೆಟ್ ತಗೊಂಡಿದ್ದು ನಾಲ್ಕು ಸಾವಿರ ಚಿಲ್ಲರೆಗೆ. ಮನೇಲಿ ಬೈದ್ರು, ಎರಡು ತಿಂಗಳಲ್ಲಿ ದುಡ್ಡು ವಾಪಸ್ ಬಂತು. ಪಾತಿಗೆ ಮೌಸೇ ವಾಸಿ, ಬ್ರಷ್ಷಿಗೆ ಮಾತ್ರ ಪೆನ್.

ಬಿಡುವಿದ್ದಾಗ ಬೇರೆ ಪ್ರಯೋಗಾನೂ ಮಾಡಿದೆ. ನಮ್ಮೂರಲ್ಲಿ ಎಲ್ಲಿ ನೋಡಿದ್ರೂ ತೆಂಗು, ನೀಲಿ ಆಕಾಶದ ಮುಂದಿನ ಗರಿ ಬ್ಲೂ ಚಾನೆಲಲ್ಲಿ ಐದೇ ನಿಮಿಷಕ್ಕೆ ಕೂದಲಿಗಿಂತ ಚೆನ್ನಾಗಿ ಬಿಡಿಸ್ಕೊಂಡು ಬಂತು, ಅದನ್ನ ಈಗ ಹತ್ತು ಆಲ್ಬಮ್ಮಲ್ಲಾದ್ರೂ ಬಳಸಿರ್ಬೇಕು. ಹೋಮದ ಹೊಗೆ, ಆರತಿ ಜ್ವಾಲೆ, ಇವನ್ನ ಕಟ್ ಮಾಡಕ್ಕೇ ಹೋಗ್ಬೇಡಿ, ಹಿಂದೆ ಕತ್ತಲಿದ್ರೆ ಕಪ್ಪನ್ನ ಮರೆ ಮಾಡೋ ಸ್ಕ್ರೀನ್ ಮೋಡಲ್ಲಿ ಇಟ್ರೆ ಮುಗೀತು. ಸೋತಿದ್ದು ಒಂದರಲ್ಲಿ, ಸುಣ್ಣದ ಗೋಡೆ ಮುಂದೆ ಬಿಳಿ ಜುಬ್ಬ ಬಿಳಿ ಪಂಚೆ ಹಾಕ್ಕೊಂಡು ನಿಂತ ಯಜಮಾನ್ರ ಫೋಟೋ, ಶ್ರದ್ಧಾಂಜಲಿ ಫ್ಲೆಕ್ಸಿಗೆ. ಮೂರು ಚಾನೆಲಲ್ಲೂ ಏನೂ ಸಿಗಲ್ಲ. ಭುಜ ಎಲ್ಲಿರುತ್ತೆ ಅಂತ ಅಂದಾಜಲ್ಲಿ ಪೆನ್ ಟೂಲ್ ಎಳೆದು ಕೊಟ್ಟೆ, ಅವ್ರ ಮಗ ನೋಡಿ "ಅಪ್ಪನ ಎಡಭುಜ ಸ್ವಲ್ಪ ಇಳಿದಿತ್ತು ಅಣ್ಣಾ" ಅಂದ, ಇನ್ನೊಂದು ಹಳೇ ಫೋಟೋ ತರಿಸಿ ಅದನ್ನ ನೋಡ್ಕೊಂಡು ಸರಿ ಮಾಡಿದೆ.

ಮೊಗ್ಗಿನ ಜಡೆ ಒಂದಕ್ಕೆ ಈಗ ನಂಗೆ ಹೆಚ್ಚುಕಮ್ಮಿ 25 ನಿಮಿಷ, 120 ರೂಪಾಯಿ ತಗೊಳ್ತೀನಿ, ಒಬ್ರೂ ಚೌಕಾಸಿ ಮಾಡಲ್ಲ. ಸಾಫ್ಟ್ ಬ್ರಷ್ ಹೊಡಿ ಅಂದಿದ್ದ ಅಣ್ಣನೇ ಈಗ ಮದುಮಗಳನ್ನ ಹಿಂದಿನ ಪರದೆಯಿಂದ ನಾಲ್ಕೈದು ಅಡಿ ಮುಂದೆ ನಿಲ್ಸಿ ಫೋಟೋ ತೆಗೀತಾರೆ, ಬಣ್ಣ ಕೂದಲಿಗೆ ಹತ್ಬಾರ್ದು ಅಂತ. ಈ ವಾರ ಅವ್ರ ಕಡೆಯಿಂದಲೇ ನಾಲ್ಕು ಜಡೆ ಬಂದಿವೆ, ಅದ್ರಲ್ಲಿ ಒಂದಕ್ಕೆ ಮಲ್ಲಿಗೆ ಜೊತೆ ಕನಕಾಂಬರಾನೂ ಸೇರ್ಸಿದಾರೆ, ಹಿಂದೆ ಚೆಂಡು ಹೂವಿನ ಮಂಟಪ, ರೆಡ್ ಚಾನೆಲಲ್ಲಿ ಕನಕಾಂಬರ, ಚೆಂಡು ಹೂವು ಎರಡೂ ಒಂದೇ ಥರ ಕಾಣ್ತಿವೆ, ಇವತ್ತು ರಾತ್ರಿ ಅದಕ್ಕೆ ಪೂರ್ತಿ ಪೆನ್ ಟೂಲೇ.