8,68,000 ರೂಪಾಯಿ ಸಾಲ, ಒಂದು ಜಾಮೀನು

2021ರ ಆಗಸ್ಟ್ ತಿಂಗಳ ಒಂದು ರಾತ್ರಿ ಗೋಡೆಯ ಕ್ಯಾಲೆಂಡರಿನಿಂದ ಹಳೆ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಸಾಲಗಳನ್ನೆಲ್ಲ ಬರೆದೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಗೊತ್ತಿದ್ದದ್ದು ಮೂರು ಸಾಲ, ಬರೆದಾಗ ಏಳಾಯಿತು. ಮೊದಲ ಕ್ರೆಡಿಟ್ ಕಾರ್ಡ್ 1,86,000. ಎರಡನೆಯದು 94,000. ಪರ್ಸನಲ್ ಲೋನ್ ಬಾಕಿ 3,40,000. ಪತಪೇಢಿಯಲ್ಲಿ, ಅಂದರೆ ಸಹಕಾರಿ ಸಾಲ ಸೊಸೈಟಿಯಲ್ಲಿ, 1,50,000. ಮೊಬೈಲ್ ಆ್ಯಪ್ ಸಾಲ ಎರಡು ಸೇರಿ 38,000. ಭಾವನ ಕೈಸಾಲ 60,000. ಕೂಡಿಸಿದ್ದು ಅವಳೇ. ಒಟ್ಟು 8,68,000. ಏನೂ ಬೈಯಲಿಲ್ಲ. "ಆ್ಯಪ್‌ನದ್ದು ಯಾವಾಗ ತಗೊಂಡ್ರಿ?" ಎಂದಷ್ಟೇ ಕೇಳಿದಳು.

ನಮ್ಮದು ಕುಂದಾಪುರ ಕಡೆ. ನಾನು ಮುಂಬಯಿಗೆ ಬಂದದ್ದು ಹೋಟೆಲ್ ಕೆಲಸಕ್ಕೆ. ಆಮೇಲೆ ಅಂಧೇರಿಯ ಒಂದು ಆಫೀಸಿನ ಕ್ಯಾಂಟೀನ್ ಕಾಂಟ್ರಾಕ್ಟ್ ಸಿಕ್ಕಿತು. 2020ರ ಮಾರ್ಚಿನಲ್ಲಿ ಆಫೀಸು ಮುಚ್ಚಿತು, ಕ್ಯಾಂಟೀನೂ ಮುಚ್ಚಿತು. ಆಗ ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಅಂದಿತ್ತಲ್ಲ, ನಾನೂ ಹಾಗೇ ಬಿಟ್ಟೆ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಅದು ತಲೆಗೆ ಹೋಗುವಷ್ಟರಲ್ಲಿ ಕಾರ್ಡ್ ಉಜ್ಜಿ ಕಿರಾಣಿ ತರುವ ಸ್ಥಿತಿಗೆ ಬಂದಿದ್ದೆ. ಪಟ್ಟಿ ಬರೆಯುವ ಹೊತ್ತಿಗೆ ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದೆ. ಡೊಂಬಿವಲಿಯಲ್ಲಿ ಬಾಡಿಗೆ ಮನೆ. ಹೆಂಡತಿ ಊಟದ ಡಬ್ಬಾ ಮಾಡಿಕೊಡುವ ಕೆಲಸವೂ ಸೇರಿ ತಿಂಗಳಿಗೆ 40,000 ಬರುತ್ತಿತ್ತು.

ಕಾರ್ಡಿನ ಲೆಕ್ಕ ಒಂದನ್ನು ಇಲ್ಲಿ ಬಿಡಿಸಿ ಹೇಳಬೇಕು. 1,86,000ಕ್ಕೆ ಕನಿಷ್ಠ ಮೊತ್ತ ನೂರಕ್ಕೆ 5ರ ಹಾಗೆ 9,300. ಅದನ್ನು ನಾನು ಶಿಸ್ತಾಗಿ ಕಟ್ಟುತ್ತಿದ್ದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ 6,510. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 1,170. ಅಸಲಿಗೆ ಹೋದದ್ದು 1,600 ಚಿಲ್ಲರೆ! ಅರ್ಧ ವರ್ಷ ಅನ್ನಾಹಾರ ಕಡಿಮೆ ಮಾಡಿ ಕಟ್ಟಿದರೂ ಸಾಲ ಹಾಗೇ ಕೂತಿತ್ತು.

ಇನ್ನು ಯಾರಿಗೆ ಮೊದಲು ಕೊಡುವುದು? ಲೆಕ್ಕದ ಪ್ರಕಾರ ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಬೇಕು. ಕಾರ್ಡು, ಆ್ಯಪ್ ಮೊದಲು. 14 ಪರ್ಸೆಂಟಿನ ಪತಪೇಢಿ ಕೊನೆಗೆ. ಆದರೆ ಪತಪೇಢಿ ಸಾಲಕ್ಕೆ ಜಾಮೀನು ಹಾಕಿದವನು ನನ್ನ ಊರಿನ ಗೆಳೆಯ, ಮುಂಬಯಿಯ ಸಿಟಿ ಬಸ್ಸು ಬೆಸ್ಟ್‌ನಲ್ಲಿ ಡ್ರೈವರ್. ಮಹಾರಾಷ್ಟ್ರದ ಸಹಕಾರಿ ಕಾಯ್ದೆಯಲ್ಲಿ 101ನೇ ಕಲಮು ಅಂತ ಒಂದಿದೆ. ಸಾಲ ಕಟ್ಟದಿದ್ದರೆ ಸೊಸೈಟಿ ಸಿವಿಲ್ ಕೋರ್ಟಿಗೆ ಅಲೆಯಬೇಕಾಗಿಲ್ಲ, ರಿಜಿಸ್ಟ್ರಾರರ ಹತ್ತಿರ ವಸೂಲಿ ದಾಖಲೆ ತೆಗೆದರೆ ಸಾಕು. ಸಾಲಗಾರನನ್ನು ಹಿಡಿದ ಹಾಗೆಯೇ ಜಾಮೀನುದಾರನನ್ನೂ ಹಿಡಿಯುತ್ತಾರೆ. ನನಗೆ ಖಾಯಂ ನೌಕರಿ ಇಲ್ಲ, ಅವನಿಗೆ ಇದೆ. ಕೈ ಹಾಕುವುದು ಯಾರ ಸಂಬಳಕ್ಕೆ ಅಂತ ಬೇರೆ ಹೇಳಬೇಕಾ?

ಮಾರನೇ ಭಾನುವಾರ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. "ಎಂತ ಮಾರಾಯ, ಮುಂಚೆ ಹೇಳೂಕೆ ಆಯ್ಲಿಲ್ಯಾ ನಿಂಗೆ?" ಅಂದ. ಅಷ್ಟೇ. ಅತ್ತಿಗೆ ಚಾ ತಂದಿಟ್ಟರು. ಆ ಚಾ ಗಂಟಲಲ್ಲಿ ಇಳಿಯಲಿಲ್ಲ. ಬರುವಾಗ ರೈಲಿನಲ್ಲೇ ಗಟ್ಟಿ ಮಾಡಿಕೊಂಡೆ, ಲೆಕ್ಕ ಏನೇ ಹೇಳಲಿ, ಪತಪೇಢಿಯ 5,130 ರೂಪಾಯಿ ಕಂತು ಒಂದು ತಿಂಗಳೂ ತಪ್ಪಬಾರದು. ಅಲ್ಲಿಂದ ಮುಂದೆ ಪ್ರತಿ ತಿಂಗಳು ರಸೀದಿಯ ಫೋಟೋ ಅವನಿಗೆ ಕಳಿಸುತ್ತಿದ್ದೆ. ಅವನು ಉತ್ತರ ಹಾಕುತ್ತಿರಲಿಲ್ಲ. ಎರಡು ನೀಲಿ ಗೆರೆ ಬರುತ್ತಿತ್ತು.

ಆ್ಯಪ್ ಸಾಲಗಳಿಗೆ ಮತ್ತು ಎರಡನೇ ಕಾರ್ಡಿಗೆ ಮದ್ದು ಹೆಂಡತಿಯ ಸರ. 5 ಪವನು. ಸರ್ಕಾರಿ ಬ್ಯಾಂಕಿನಲ್ಲಿ ಅಡವಿಟ್ಟರೆ 1,30,000 ಸಿಕ್ಕಿತು, ವರ್ಷಕ್ಕೆ ನೂರಕ್ಕೆ 10ರೊಳಗಿನ ಬಡ್ಡಿ. ನಲವತ್ತು ಪರ್ಸೆಂಟಿನ ಸಾಲ ತೆಗೆದು ಹತ್ತರ ಸಾಲ ಇಟ್ಟ ಹಾಗಾಯಿತು. ಸಾಲ ತೀರಿಸಲು ಸಾಲ ಮಾಡಬಾರದು ಅಂತಾರೆ. ಬಡ್ಡಿ ಅರ್ಧಕ್ಕಿಂತ ಕೆಳಗಿಳಿಯುವುದಾದರೆ, ಮತ್ತು ಹಳೇ ಕಾರ್ಡನ್ನು ನಿಜವಾಗಿ ಮುಚ್ಚಿಸುವುದಾದರೆ, ಮಾಡಬಹುದು ಅಂತ ನನ್ನ ಅಭಿಪ್ರಾಯ. ಮುಚ್ಚಿಸದೆ ಸುಮ್ನೆ ಕಪಾಟಿನಲ್ಲಿಟ್ಟರೆ ಗಣಪತಿ ಹಬ್ಬಕ್ಕೆ ಅದು ಹೊರಗೆ ಬರುತ್ತದೆ.

ಪರ್ಸನಲ್ ಲೋನಿಗೆ ಅದೃಷ್ಟ ಇತ್ತು. 2021ರ ಮೇ 5ರಂದು ರಿಸರ್ವ್ ಬ್ಯಾಂಕ್ ಕೋವಿಡ್ ಹೊಡೆತ ತಿಂದವರ ಸಾಲವನ್ನು ಹೊಸದಾಗಿ ಹೊಂದಿಸಿಕೊಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತ್ತು, ಸೆಪ್ಟೆಂಬರ್ 30ರ ಗಡುವು. ಶಾಖೆಯಲ್ಲಿ ಮೂರು ಸಲ ಕೂತೆದ್ದ ಮೇಲೆ ಅವಧಿ 2 ವರ್ಷ ಹೆಚ್ಚಿಸಿದರು. 11,800ರ ಕಂತು 8,100ಕ್ಕೆ ಇಳಿಯಿತು. ಪುಕ್ಕಟೆ ಅಲ್ಲ, ಒಟ್ಟಿನಲ್ಲಿ 60,000ಕ್ಕೂ ಮೇಲೆ ಹೆಚ್ಚಿಗೆ ಹೋಗುತ್ತದೆ. ಆದರೆ ಆ 3,700 ರೂಪಾಯಿ ಇಲ್ಲದಿದ್ದರೆ ಪತಪೇಢಿ ಕಂತು ತಪ್ಪುತ್ತಿತ್ತು. ಆ ಯೋಜನೆ ಈಗ ಇಲ್ಲ. ಆದರೂ ಕಂತು ತಪ್ಪುವ ಮೊದಲೇ ಸಂಬಳದ ಚೀಟಿ, ಆಸ್ಪತ್ರೆ ಬಿಲ್ಲು ಏನಿದೆಯೋ ಹಿಡಿದುಕೊಂಡು ಹೋಗಿ ಲಿಖಿತವಾಗಿ ಕೇಳಿ. 90 ದಿನ ದಾಟಿ ಕೆಟ್ಟ ಸಾಲ ಅಂದರೆ ಎನ್‌ಪಿಎ ಆದ ಮೇಲೆ ಮಾತಾಡುವ ಟೇಬಲ್ಲೇ ಬೇರೆ.

ಉಳಿದದ್ದು ಮೊದಲ ಕಾರ್ಡು. ಅದಕ್ಕೆ ಹಣ ಉಳಿಯಲೇ ಇಲ್ಲ. ನಿಲ್ಲಿಸಿಬಿಟ್ಟೆ. ನಿಲ್ಲಿಸುವ ಮೊದಲು ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಆಟೋ ಡೆಬಿಟ್ ರದ್ದು ಮಾಡಿಸಿದ್ದೆ. ಅದು ಬೌನ್ಸ್ ಆದರೂ ಚೆಕ್ ಬೌನ್ಸ್ ಆದ ಹಾಗೆ ಕ್ರಿಮಿನಲ್ ಕೇಸ್ ಹಾಕಬಹುದು, 2 ವರ್ಷದವರೆಗೆ ಶಿಕ್ಷೆ ಇದೆ. ಬರೀ ಸಾಲ ಕಟ್ಟಲಾಗಲಿಲ್ಲ ಅಂತ ಯಾರೂ ಜೈಲಿಗೆ ಹಾಕುವುದಿಲ್ಲ.

ಇಲ್ಲಿ ಒಂದು ದಡ್ಡತನ ಮಾಡಿದೆ. "ನಿಮ್ಮ ಸಾಲ ಅರ್ಧಕ್ಕೆ ಸೆಟಲ್ ಮಾಡಿಕೊಡ್ತೇವೆ, ಫೋನೆಲ್ಲ ನಮಗೆ ಬರ್ತದೆ" ಅಂತ ಒಂದು ಕಂಪನಿಯವರು ಹೇಳಿದ್ದಕ್ಕೆ 6,000 ಕಟ್ಟಿದೆ. ಫೋನು ನನಗೇ ಬರುತ್ತಿತ್ತು, ಅವರು ನನ್ನ ಫೋನ್ ಎತ್ತುತ್ತಿರಲಿಲ್ಲ. ಅವರು ಮಾಡುವ ಕೆಲಸ ಒಂದು ಇಮೇಲ್ ಬರೆಯುವುದು. ಅದನ್ನು ಆಮೇಲೆ ಹತ್ತನೇ ಕ್ಲಾಸಿನ ಮಗಳೇ ಬರೆದುಕೊಟ್ಟಳು.

2022ರಲ್ಲಿ ಬ್ಯಾಂಕಿನ ವಸೂಲಿ ಏಜೆಂಟರು ಶುರು ಮಾಡಿದರು. ಬೆಳಿಗ್ಗೆ ಏಳಕ್ಕೆ ಫೋನು. ಒಂದು ದಿನ ಊಟದ ಗಿರಾಕಿ ತುಂಬಿದ ಹೊತ್ತಿಗೆ ಇಬ್ಬರು ಬಂದು ಕ್ಯಾಶ್ ಕೌಂಟರಿನ ಮುಂದೆ ನಿಂತರು. "ಪೈಸೆ ಕಧೀ ದೇಣಾರ್ ತೂ?" ದುಡ್ಡು ಯಾವಾಗ ಕೊಡ್ತೀ ಅಂತ. ಬಿಲ್ ಕೊಡಲು ನಿಂತವರೆಲ್ಲ ನೋಡುತ್ತಿದ್ದರು. ಚಿಲ್ಲರೆ ಎಣಿಸುತ್ತಿದ್ದ ಕೈ ನಿಂತಿತು. ಐಡಿ ಕಾರ್ಡೂ ಬ್ಯಾಂಕಿನ ಪತ್ರವೂ ಕೇಳಿದೆ, ಎರಡೂ ಇರಲಿಲ್ಲ. ಅದೇ ವರ್ಷದ ಆಗಸ್ಟ್ 12ರಂದು ರಿಸರ್ವ್ ಬ್ಯಾಂಕ್ ಬರೆದು ಹೇಳಿತ್ತು, ವಸೂಲಿಗೆ ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ ಅಂತ. ಫೋನ್ ಬಂದ ದಿನ, ಗಂಟೆ, ನಂಬರ್ ಎಲ್ಲ ಪಟ್ಟಿ ಮಾಡಿ ದೂರು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಆಫೀಸರಿಗೆ ಕಳಿಸಿದೆವು. 30 ದಿನದಲ್ಲಿ ಉತ್ತರ ಬಾರದಿದ್ದರೆ ಗಿರಾಕಿಗಳ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಒಂದು ಪೈಸೆ ಫೀಸಿಲ್ಲ, ವಿಚಾರಿಸಲು 14448 ನಂಬರಿದೆ. ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಹತ್ತು ದಿನದಲ್ಲಿ ಏಳು ಗಂಟೆಯ ಫೋನು ನಿಂತಿತು.

ಹೋಟೆಲಿಗೆ ಬರುವ ವಕೀಲರೊಬ್ಬರನ್ನು ದಿವಾಳಿ ಅರ್ಜಿ ಹಾಕಿದರೆ ಹೇಗೆ ಅಂತಲೂ ಕೇಳಿದ್ದೆ. ನಕ್ಕರು. 2016ರ ದಿವಾಳಿ ಕಾನೂನಿನಲ್ಲಿ ನಮ್ಮಂಥ ಸಾಮಾನ್ಯರ ಭಾಗ ಜಾರಿಗೇ ಬಂದಿಲ್ಲವಂತೆ. ಮುಂಬಯಿ ಶಹರದವರಿಗೆ 1909ರ ಕಾಯ್ದೆ, ಡೊಂಬಿವಲಿಯವರಿಗೆ 1920ರದ್ದು. "ಎರಡು ಲಕ್ಷಕ್ಕೆ ಬ್ರಿಟಿಷರ ಕಾಲಕ್ಕೆ ಹೋಗ್ತೀರಾ?" ಅಂದರು.

2023ರ ಶುರುವಿಗೆ ಆ 1,86,000 ಕಾಗದದ ಮೇಲೆ 2,71,000 ಆಗಿತ್ತು. ಆಗ ಹೆಂಡತಿಯ ಭಿಶಿ, ಅಂದರೆ ಗೆಳತಿಯರ ಚೀಟಿ, ಸರದಿ ಬಂತು, ಎಲ್‌ಐಸಿ ಪಾಲಿಸಿಯೊಂದನ್ನು ಮುರಿದೆವು. ಕೈಯಲ್ಲಿ ಗಂಟು ಇಲ್ಲದೆ ಚೌಕಾಶಿಗೆ ಕೂರಬೇಡಿ. ಕಾರ್ಡಿನ ಸೆಟಲ್ಮೆಂಟ್ ಮಾತು 1,60,000ದಿಂದ ಶುರುವಾಗಿ 1,15,000ಕ್ಕೆ ನಿಂತಿತು, ಮೂರು ಕಂತು. "ಇವತ್ತು 25,000 ಹಾಕಿ, ಲೆಟರ್ ನಾಳೆ ಬರ್ತದೆ" ಅಂದ ಏಜೆಂಟ್. ಲೆಟರ್ ಬರದೆ ಹಣ ಇಲ್ಲ ಅಂದೆ. ನಾಲ್ಕು ದಿನ ಸಿಟ್ಟು ಮಾಡಿದ, ಐದನೇ ದಿನ ಬಂತು. ಓದಿದರೆ ಕಾರ್ಡಿನ ಕೊನೆಯ ನಾಲ್ಕು ಅಂಕಿ ನನ್ನದಲ್ಲ! ಹಾಗೇ ಕಟ್ಟಿದ್ದರೆ ಯಾರ ಸಾಲ ತೀರುತ್ತಿತ್ತೋ. ತಿದ್ದಿಸಿ ತರಿಸಿಕೊಂಡೇ ಬ್ಯಾಂಕಿನ ಖಾತೆಗೆ ಕಟ್ಟಿದೆ, ಏಜೆಂಟನ ಕೈಗೆ ಅಲ್ಲ.

2024ರ ಆಗಸ್ಟಿನಲ್ಲಿ ಪತಪೇಢಿ ಸಾಲ ಮುಗಿಯಿತು. ಸರ ಬಿಡಿಸಿದೆವು. ಭಾವನ 60,000 ಕೂಡ ಕೊಟ್ಟಾಯಿತು, ಅವನು ಬೇಡ ಬೇಡ ಅನ್ನುತ್ತಲೇ ತಗೊಂಡ. ಪರ್ಸನಲ್ ಲೋನ್ ಮಾತ್ರ ಇನ್ನೂ ನಡೆಯುತ್ತಿದೆ.

ಕೊನೆಯ ರಸೀದಿ ಕಳಿಸಿದ ದಿನ ಗೆಳೆಯ ಮೊದಲ ಸಲ ಉತ್ತರ ಹಾಕಿದ, ಒಂದು ಕೈಮುಗಿದ ಚಿತ್ರ. ಮುಂದಿನ ವರ್ಷ ಮಗನ ಕಾಲೇಜಿಗೆ ಅವನಿಗೇ ಅದೇ ಪತಪೇಢಿಯಲ್ಲಿ ಸಾಲ ಬೇಕಾಯಿತು. ಜಾಮೀನಿಗೆ ನನ್ನನ್ನೇ ಕೇಳಿದ. ಖುಷಿಯಿಂದ ಹೋಗಿ ಫೋಟೋ, ಆಧಾರ್ ಕೊಟ್ಟೆ. ಅಲ್ಲಿಯ ಹುಡುಗಿ ನನ್ನ ಸಿಬಿಲ್, ಅಂದರೆ ಸಾಲದ ಚರಿತ್ರೆಯ ವರದಿ, ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಾರ್ಡಿನ ಮುಂದೆ "ಸೆಟಲ್ಡ್" (ಕಡಿಮೆಗೆ ರಾಜಿ) ಅಂತಿತ್ತು, "ಕ್ಲೋಸ್ಡ್" (ಪೂರ್ತಿ ತೀರಿದ್ದು) ಅಂತಲ್ಲ. ಜಾಮೀನಿಗೆ ನಡೆಯುವುದಿಲ್ಲ ಅಂದಳು.

ಗೆಳೆಯ ಬೇರೆ ಯಾರನ್ನೋ ಹಿಡಿದು ಸಾಲ ತೆಗೆದ. ನಾನು ಆ ಸಂಜೆಯೇ ಕಾರ್ಡಿನ ಬ್ಯಾಂಕಿಗೆ ಮೇಲ್ ಹಾಕಿಸಿದೆ, ಅವತ್ತು ಬಿಟ್ಟುಕೊಟ್ಟದ್ದರಲ್ಲಿ ಎಷ್ಟು ಕಟ್ಟಿದರೆ ಆ ಒಂದು ಶಬ್ದ ಬದಲಾಯಿಸುತ್ತೀರಿ ಅಂತ.