ಸೆಕೆಂಡ್ ಹ್ಯಾಂಡ್ ಪಿಕಪ್‌ಗೆ ಯಾವ ಎಂಜಿನ್? ಮೊದಲು ನಿಮ್ಮ ದಿನದ ಓಡಾಟ ಅಳೆಯಿರಿ

ನನ್ನದು ಎರಡು ಕುದುರೆ ಸಾಗಿಸುವ ಟ್ರೇಲರ್. ಕುದುರೆಗಳನ್ನು ಹತ್ತಿಸಿದ ಮೇಲೆ ಒಟ್ಟು 2,400 ಕೆ.ಜಿ. ತೂಗುತ್ತದೆ. ತಿಂಗಳಿಗೆ ಎರಡು ಸಲ ಅದನ್ನು ಎಳೆಯಬೇಕು. ಮಿಕ್ಕ ದಿನ ಅದೇ ಪಿಕಪ್‌ನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹೋಗೋಕೆ 6 ಕಿಲೋಮೀಟರ್, ಬರೋಕೆ 6. ಈ ಎರಡಕ್ಕೂ ಆಗಲಿ ಅಂತ ಇದುವರೆಗೆ ಮೂರು ಹಳೆಯ ಪಿಕಪ್ ಕೊಂಡಿದ್ದೇನೆ. ಮೊದಲನೆಯದು ಡೀಸೆಲ್, ಎರಡನೆಯದು ಟರ್ಬೊ ಇಲ್ಲದ ಪೆಟ್ರೋಲ್ ವಿ8, ಈಗಿನದು ಟರ್ಬೊ ಇರುವ ಪೆಟ್ರೋಲ್ ವಿ6. ವಿ8 ಅಂದರೆ ಎಂಟು ಸಿಲಿಂಡರ್, ವಿ6 ಅಂದರೆ ಆರು; ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ.

ಎಲ್ಲರೂ ಮೊದಲು ಕೇಳೋದು ಎಷ್ಟು ಟನ್ ಎಳೆಯುತ್ತೆ ಅಂತ. ಅದಕ್ಕೂ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಟ್ರೇಲರ್ ಇಲ್ಲದ ದಿನ, ಎಂಜಿನ್ ಒಂದು ಸಲ ಶುರುವಾದರೆ ಎಷ್ಟು ಹೊತ್ತು ಓಡುತ್ತದೆ? ಒಂದು ವಾರ ಬರೆದಿಡಿ. ಬಹಳ ಸಲ 20 ನಿಮಿಷಕ್ಕಿಂತ ಕಡಿಮೆ ಬಂದರೆ, ಹೊಸ ಕಾಲದ ಡೀಸೆಲ್ ಬೇಡ ಅಂತಲೇ ನಾನು ಹೇಳುತ್ತೇನೆ.

ಯಾಕೆ ಅಂದರೆ ಡಿಪಿಎಫ್. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿ ಅದು. ಹಿಡಿದ ಮಸಿಯನ್ನು ಆಗಾಗ ಸುಟ್ಟು ಹಾಕಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ನನ್ನ 6 ಕಿಲೋಮೀಟರ್ ಓಟದಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯೂ ಆಗುತ್ತಿರಲಿಲ್ಲ. ಸುಡುವ ಕೆಲಸ ಶುರುವಾಗುತ್ತಿತ್ತು, ಅಷ್ಟರಲ್ಲಿ ನಾನು ಕೀ ತಿರುಗಿಸಿ ಇಳಿಯುತ್ತಿದ್ದೆ. ಏಳನೇ ತಿಂಗಳಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಮೇಲಿನ ಗೆರೆ ದಾಟಿತ್ತು. ಆಯಿಲ್ ಜಾಸ್ತಿ ಆಗೋದು ಹೇಗೆ ಅಲ್ವಾ? ಮಸಿ ಸುಡಲು ಸಿಲಿಂಡರಿಗೆ ತಡವಾಗಿ ಚಿಮ್ಮಿಸಿದ ಡೀಸೆಲ್ ಉರಿಯದೆ ಕೆಳಗಿಳಿದು ಆಯಿಲ್ ಜೊತೆ ಬೆರೆತಿತ್ತು. ಅದಾಗಿ ಎರಡು ವಾರಕ್ಕೆ ಎಚ್ಚರಿಕೆ ದೀಪ ಹತ್ತಿತು, ಗಾಡಿ ವೇಗ ಹಿಡಿಯೋದೇ ನಿಲ್ಲಿಸಿತು. ಎಂಜಿನ್ ತಪ್ಪಲ್ಲ ಅದು. ನನ್ನ ಓಡಾಟಕ್ಕೆ ಅದು ಹೊಂದುವಂಥದ್ದಲ್ಲ.

ಹಾಗಂತ ಡೀಸೆಲ್ ಕೆಟ್ಟದ್ದು ಅಂತಲ್ಲ. 3,500 ಕೆ.ಜಿ. ಮೇಲಿನ ಟ್ರೇಲರ್, ವಾರಕ್ಕೆ ಹಲವು ಸಲ, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಟ ಇದ್ದರೆ ಅದನ್ನೇ ಕೊಳ್ಳಿ. ಕಡಿಮೆ ಆರ್‌ಪಿಎಂನಲ್ಲೇ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ, ಭಾರ ಇದ್ದಾಗ ಮೈಲೇಜೂ ಅಷ್ಟಾಗಿ ಬೀಳುವುದಿಲ್ಲ. ಇಳಿಜಾರಿಗೆ ಎಕ್ಸಾಸ್ಟ್ ಬ್ರೇಕ್, ಅಂದರೆ ಹೊಗೆಯ ದಾರಿ ತಡೆದು ವೇಗ ಇಳಿಸುವ ಬ್ರೇಕ್, ಇದೆಯೇ ಅಂತ ಮಾತ್ರ ನೋಡಿ. ಕಮಿನ್ಸ್ 6.7 ಲೀಟರಿನಂಥ ದೊಡ್ಡ ಎಂಜಿನ್‌ಗಳಲ್ಲಿ ಟರ್ಬೊವನ್ನೇ ಬಿಗಿಮಾಡಿ ಗಾಡಿಯನ್ನು ಹಿಡಿಯುವ ವ್ಯವಸ್ಥೆ ಇರುತ್ತದೆ. ಅದಿಲ್ಲದ ಡೀಸೆಲ್, ಆಕ್ಸಲರೇಟರಿನಿಂದ ಕಾಲು ತೆಗೆದ ಮಾತ್ರಕ್ಕೆ ಪೆಟ್ರೋಲ್ ಗಾಡಿಯಷ್ಟು ನಿಧಾನವಾಗುವುದಿಲ್ಲ.

ಇನ್ನು ವಿ8 ಮತ್ತು ಟರ್ಬೊ ವಿ6. ಫೋರ್ಡ್ ಎಫ್-150ರ 2011ರ ಮಾಡೆಲ್ ತೆಗೆದುಕೊಳ್ಳಿ. 5.0 ಲೀಟರ್ ವಿ8ಗೆ 360 ಅಶ್ವಶಕ್ತಿ, ಇಕೋಬೂಸ್ಟ್ ಅನ್ನುವ 3.5 ಲೀಟರ್ ಟರ್ಬೊ ವಿ6ಗೆ 365. ಕಾಗದದ ಮೇಲೆ ಎರಡೂ ಒಂದೇ. ಆದರೆ ವಿ8 ತನ್ನ 515 ನ್ಯೂಟನ್ ಮೀಟರ್ ಟಾರ್ಕ್ ಕೊಡೋದು 4,250 ಆರ್‌ಪಿಎಂನಲ್ಲಿ. ವಿ6 569 ನ್ಯೂಟನ್ ಮೀಟರ್ ಕೊಡೋದು 2,500ರಲ್ಲೇ. ಏರು ಬಂದಾಗ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ನನ್ನ ಹಳೆಯ ವಿ8 ಎರಡು ಗೇರ್ ಇಳಿದು 4,000ದ ಮೇಲೆ ಅಬ್ಬರಿಸುತ್ತಿತ್ತು. ಈಗಿನ ವಿ6 ಒಂದು ಗೇರ್ ಇಳಿದು ಸುಮ್ನೆ ಹತ್ತುತ್ತದೆ. ಅಬ್ಬರದಿಂದ ವಿ8ಗೆ ಏನೂ ಆಗುವುದಿಲ್ಲ, ಅದನ್ನು ಮಾಡಿರುವುದೇ ಹಾಗೆ. ಹಿಂದೆ ಕುದುರೆ ನಿಂತಿರುವಾಗ ನನಗೆ ಗೇರ್ ಬದಲಾಗುವ ಎಳೆದಾಟ ಕಡಿಮೆ ಇದ್ದಷ್ಟೂ ಒಳ್ಳೆಯದು.

ಎತ್ತರದ ಊರುಗಳಲ್ಲಿ ಓಡಿಸುವವರಿಗೆ ಇನ್ನೊಂದು ಲೆಕ್ಕವೂ ಇದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು 10% ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಆ ನಷ್ಟವನ್ನು ಬಹುಪಾಲು ತುಂಬಿಕೊಡುತ್ತದೆ. ಮೈಲೇಜಿಗಾಗಿ ಟರ್ಬೊ ಕೊಳ್ಳುವವರಿಗೆ ಒಂದು ಮಾತು: ಟ್ರೇಲರ್ ಕಟ್ಟಿದ ಮೇಲೆ ನನ್ನ ವಿ6 ಕೂಡ ವಿ8ನಷ್ಟೇ ಪೆಟ್ರೋಲ್ ಕುಡಿಯುತ್ತದೆ. ಉಳಿತಾಯ ಖಾಲಿ ಓಟದಲ್ಲಿ ಮಾತ್ರ.

ನೋಡಲು ಹೋಗುವಾಗ ಮಾರುವವರಿಗೆ ಮೊದಲೇ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಬಾನೆಟ್ ಮೇಲೆ ಕೈಯಿಟ್ಟು ನೋಡಿ, ತಣ್ಣಗಿರಬೇಕು. ತಣ್ಣನೆಯ ಎಂಜಿನ್ ಶುರುವಾಗುವ ಮೊದಲ ಹತ್ತು ಸೆಕೆಂಡ್ ಬಹಳ ಮುಖ್ಯ. 2017ರಿಂದ 2020ರ 3.5 ಇಕೋಬೂಸ್ಟ್‌ನಲ್ಲಿ ಗರಗರ ಸದ್ದು ಬಂದರೆ ಕ್ಯಾಮ್ ಫೇಸರ್ (ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ) ಸವೆದಿರಬಹುದು, ರಿಪೇರಿ ದುಬಾರಿ. ವಿ8ನಲ್ಲಿ ಟಿಕ್ ಟಿಕ್ ಅಂದರೆ ಕಾದು ನೋಡಿ. ಎಂಜಿನ್ ಬಿಸಿಯಾದ ಹಾಗೆ ಸದ್ದು ನಿಂತರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆ) ಬೋಲ್ಟ್ ಮುರಿದಿರುವ ಸಾಧ್ಯತೆ ಜಾಸ್ತಿ. ರಾಮ್ ಪಿಕಪ್‌ಗಳ 5.7 ಲೀಟರ್ ಹೆಮಿ ವಿ8ನಲ್ಲಿ ಇದು ಆಗಾಗ ಕಾಣುತ್ತದೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಲಿಫ್ಟರ್ (ವಾಲ್ವ್ ತೆರೆಯಲು ತಳ್ಳುವ ಭಾಗ) ಕೆಟ್ಟಿರಬಹುದು. ಖಾಲಿ ಓಟದಲ್ಲಿ ಕೆಲವು ಸಿಲಿಂಡರ್ ನಿಲ್ಲಿಸುವ ಜಿಎಂ 5.3 ಲೀಟರಿನಲ್ಲಿ ಅದನ್ನೇ ಮೊದಲು ಅನುಮಾನಿಸಿ. ಅಂಥ ಗಾಡಿ ನಾನಾದರೆ ಬಿಟ್ಟು ಬರುತ್ತೇನೆ.

ಆಮೇಲೆ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ನೋಡಿ. ಹಲವು ಪಿಕಪ್‌ಗಳಲ್ಲಿ ಮೀಟರ್ ಪರದೆಯಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಸ್ಕ್ಯಾನರ್‌ನಲ್ಲಿ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 1,60,000 ಕಿಲೋಮೀಟರಿಗೆ 3,200 ಗಂಟೆ ಅಂದರೆ ಸರಾಸರಿ 50, ಚೆನ್ನಾಗಿ ಓಡಿದ ಗಾಡಿ. ಅದೇ ದೂರಕ್ಕೆ 7,000 ಗಂಟೆ ಅಂದರೆ ನಿಂತಲ್ಲೇ ಬಹಳ ಉರಿದಿದೆ. ಡೀಸೆಲ್ ಆದರೆ ಎರಡು ಸಲ ಮಸಿ ಸುಟ್ಟಿದ್ದರ ನಡುವಿನ ದೂರವನ್ನೂ ಸ್ಕ್ಯಾನರ್‌ನಲ್ಲಿ ಕೇಳಿ. ಬರಬರುತ್ತಾ ಕಡಿಮೆಯಾಗುತ್ತಿದ್ದರೆ ಜಾಲರಿ ಕಟ್ಟಿಕೊಳ್ಳುತ್ತಿದೆ.

ಎಂಜಿನ್ ಒಂದೇ ಆದರೂ ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದು) ಬೇರೆ ಇದ್ದರೆ ಎಳೆಯುವ ಮಿತಿ ಬದಲಾಗುತ್ತದೆ. 3.31ಕ್ಕಿಂತ 3.55 ಎಳೆಯಲು ಮೇಲು. ಚಾಲಕನ ಬಾಗಿಲ ಚೌಕಟ್ಟಿನಲ್ಲಿರುವ ಸ್ಟಿಕರ್‌ನಲ್ಲಿ ಹೊರುವ ಮಿತಿಯನ್ನೂ ಓದಿಕೊಳ್ಳಿ. ಟ್ರೇಲರ್ ತೂಕದ 10ರಿಂದ 15% ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಬೀಳುತ್ತದೆ. ನನ್ನ 2,400 ಕೆ.ಜಿ.ಗೆ ಅದು 240ರಿಂದ 360. ಅದರ ಮೇಲೆ ಜನ, ತಡಿ, ಹುಲ್ಲು. ಡೀಸೆಲ್ ಎಂಜಿನ್ ತಾನೇ ಭಾರ ಇರುವುದರಿಂದ ಈ ಮಿತಿ ಅಲ್ಲಿ ಬೇಗ ಮುಗಿಯುತ್ತದೆ.

ಕೊನೆಗೆ, ಮಾರುವವರು ಒಪ್ಪಿದರೆ ನಿಮ್ಮದೇ ಟ್ರೇಲರ್ ಕಟ್ಟಿ ಒಂದು ಉದ್ದದ ಏರು ಹತ್ತಿಸಿ. ಗೇರ್‌ಬಾಕ್ಸ್ ಆಯಿಲ್‌ನ ಶಾಖ ನೋಡುತ್ತಾ ಹೋಗಿ. ಒಂದೆಡೆ ಏರಿ ನಿಂತರೆ ಚಿಂತೆಯಿಲ್ಲ, ಏರುತ್ತಲೇ ಹೋದರೆ ಹುಷಾರು. ಮೇಲೆ ತಲುಪಿ ನಿಲ್ಲಿಸಿ, ಎಂಜಿನ್ ಐದು ನಿಮಿಷ ಹಾಗೇ ಓಡುತ್ತಿರಲಿ. ಆಮೇಲೆ ಕೆಳಗೆ ಬಗ್ಗಿ ತೊಟ್ಟಿಕ್ಕುತ್ತಿದೆಯೇ ನೋಡಿ, ಮುಂದೆ ನಿಂತು ಮೂಸಿ. ಕೂಲೆಂಟ್ ಸೋರುತ್ತಿದ್ದರೆ ಸಿಹಿ ವಾಸನೆ ಬರುತ್ತದೆ.