ಒಣಗಿದ ನೀಲಗಿರಿ ತೋಪು: ಸಸಿ ತರುವ ಮೊದಲು ನೆಲ ನೋಡಿ

ಕಲಘಟಗಿ, ಅಳ್ನಾವರ, ಹಾನಗಲ್ಲ ಕಡೆ ಎರಡು ಮೂರು ಎಕರೆಯ ನೀಲಗಿರಿ ತೋಪುಗಳು ಈಗಲೂ ಕಾಣುತ್ತವೆ. ಅಪ್ಪನ ಕಾಲದಲ್ಲಿ ನೆಟ್ಟಿದ್ದು. ಮೂರು ನಾಲ್ಕು ಸಲ ಕಡಿದಾಗಿದೆ, ಬೊಡ್ಡೆಗಳು ಸೋತಿವೆ. ಎಲೆಯ ತೊಟ್ಟಿನ ಮೇಲೆ ಗಂಟು ಗಂಟು ಕಂಡರೆ ಅದು ಆಸ್ಟ್ರೇಲಿಯಾ ಮೂಲದ ಸಣ್ಣ ಕಣಜದ ಕೆಲಸ. ಎಳೆ ಚಿಗುರೇ ಅದಕ್ಕೆ ಬೇಕು. ಮತ್ತೆ ನೀಲಗಿರಿಯನ್ನೇ ನೆಡೋಣ ಅಂದರೆ 2017ರಲ್ಲಿ ಸರ್ಕಾರ ಅದಕ್ಕೆ ತಡೆ ಹಾಕಿದೆ. ಹಾಗಾದರೆ ಆ ನೆಲದಲ್ಲಿ ನಾಡ ಮರ ಬೆಳೆಸುವುದೇ ದಾರಿ.

ನಾನು ಮಾಡಿದ್ದನ್ನು ಮಾತ್ರ ನೀವು ಮಾಡಬೇಡಿ. ಜೆಸಿಬಿ ತರಿಸಿ ಒಂದು ಎಕರೆಯ ಬೊಡ್ಡೆಗಳನ್ನೆಲ್ಲ ಕೀಳಿಸಿದೆ. ಮುನ್ನೂರು ಸಸಿ ಹಚ್ಚಿದೆ. ದೀಪಾವಳಿಗೆ ಎಣಿಸಿದರೆ ನಲವತ್ತೂ ಇರಲಿಲ್ಲ! ಅರ್ಧ ಬಿಸಿಲಿಗೆ ಹೋದವು, ಅರ್ಧ ಆಡಿನ ಹೊಟ್ಟೆಗೆ. ಪಕ್ಕದ ಎಕರೆಗೆ ಕೈ ಹಾಕಲು ದುಡ್ಡಿರಲಿಲ್ಲ, ಸುಮ್ನೆ ಬಿಟ್ಟಿದ್ದೆ. ಅಲ್ಲಿ ಮುತ್ತಲ, ಮತ್ತಿ, ನೆಲ್ಲಿ ತಾವಾಗಿಯೇ ಎದ್ದಿದ್ದವು.

ಹಾಗಾಗಿ ಮೊದಲ ಮಳೆಗಾಲ ಏನೂ ನೆಡಬೇಡಿ. ಹಳೆ ಸೀರೆ ಹರಿದು ಚಿಂದಿ ಮಾಡಿಕೊಂಡು ತೋಪಿನೊಳಗೆ ನಡೆಯಿರಿ. ಜೂನ್ ಆರಂಭದ ಮಿರಗದ ಮಳೆ ಬಿದ್ದು ಮೂರು ವಾರ ಆದ ಮೇಲೆ ಹೋದರೆ ಒಳ್ಳೆಯದು. ಆಗ ಎಲ್ಲ ಚಿಗುರಿರುತ್ತದೆ. ನೀಲಗಿರಿ ನೆಡುವ ಮೊದಲು ಅಲ್ಲಿದ್ದ ಮರಗಳ ಬೇರು ಎಷ್ಟೋ ಕಡೆ ಇನ್ನೂ ಜೀವಂತ ಇರುತ್ತದೆ. ಪ್ರತಿ ವರ್ಷ ದನ ಮೇಯ್ದು, ಬೆಂಕಿ ಬಿದ್ದು ಅದು ಮೊಣಕಾಲು ದಾಟಿರುವುದಿಲ್ಲ, ಅಷ್ಟೇ. ನಾಡ ಗಿಡ ಕಂಡಲ್ಲೆಲ್ಲ ಚಿಂದಿ ಕಟ್ಟಿ. ಗುರುತು ಸಿಗದಿದ್ದರೆ ಊರಿನ ಕುರಿಗಾಹಿಯನ್ನು ಕರೆದುಕೊಂಡು ಹೋಗಿ. ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಚಿಂದಿ ಕಟ್ಟಿದ ಗಿಡದ ಸುತ್ತ ಎರಡು ಅಡಿ ಕಸ ಕೀಳಿ. ನೀಲಗಿರಿಯ ಒಣ ಎಲೆಯನ್ನು ಬದಿಗೆ ಸರಿಸಿ, ಅದರ ಕೆಳಗೆ ಬೀಜ ಮೊಳೆಯುವುದು ಕಷ್ಟ. ಒಂದೇ ಬುಡದಿಂದ ಏಳೆಂಟು ಚಿಗುರು ಬಂದಿದ್ದರೆ ಗಟ್ಟಿಯಾದ ಒಂದೆರಡು ಉಳಿಸಿ, ಉಳಿದದ್ದನ್ನು ಕುಡಗೋಲಿನಿಂದ ತೆಗೆಯಿರಿ. ಬೇರು ಹಳೆಯದು, ಆಳಕ್ಕೆ ಇಳಿದಿರುತ್ತದೆ. ನರ್ಸರಿ ಸಸಿಗಿಂತ ಬೇಗ ಏಳುತ್ತದೆ.

ಇನ್ನು ನೀಲಗಿರಿ. ಒಂದೇ ಸಲ ಎಲ್ಲ ಕಡಿಯಬೇಡಿ. ಚಿಂದಿ ಕಟ್ಟಿದ ಗಿಡಕ್ಕೆ ನೆರಳು ಹೊಡೆಯುವವನ್ನು ಮೊದಲು ತೆಗೆಯಿರಿ. ಉಳಿದವನ್ನು ಎರಡು ಮೂರು ವರ್ಷ ಹಂಚಿಕೊಳ್ಳಿ. 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ನೀಲಗಿರಿ ಕಡಿಯಲು ಅನುಮತಿ ಬೇಕಿಲ್ಲ. ಮಾರಿದ ಕಟ್ಟಿಗೆಯ ದುಡ್ಡೇ ಮುಂದಿನ ಕೂಲಿಗೆ ಆಗುತ್ತದೆ. ಬೊಡ್ಡೆ ಕೀಳಿಸುವ ಖರ್ಚು ಬೇಡ. ನೆಲಮಟ್ಟಕ್ಕೆ ಕಡಿದು, ತೊಗಟೆ ಸುಲಿದು, ಮಣ್ಣು ಮುಚ್ಚಿ. ಚಿಗುರಿದಾಗಲೆಲ್ಲ ಮುರಿಯುತ್ತಿರಿ, ಕೊನೆಗೆ ಅದೇ ಸೋಲುತ್ತದೆ.

ಇಳಿಜಾರಿಗೆ ಅಡ್ಡವಾಗಿ ಆರೇಳು ಅಡಿ ಉದ್ದದ ತುಂಡು ಗುಂಡಿ ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಇದರಿಂದ ಲಾಭ ಜಾಸ್ತಿ. ನವಲಗುಂದ, ರೋಣದಂಥ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ನೀರು ನಿಂತು ಬೇರು ಕೊಳೆಯಬಹುದು, ಅಲ್ಲಿ ಗಿಡ ಇರಬೇಕಾದದ್ದು ತೋಡಿ ಹಾಕಿದ ಮಣ್ಣಿನ ಏರಿಯ ಮೇಲೆ.

ಎರಡನೇ ವರ್ಷ ಬೋಳು ಉಳಿದ ಜಾಗದಲ್ಲಿ ಮಾತ್ರ ನೆಡಿ. ಮಳೆ ಜಾಸ್ತಿ ಇರುವ ಕಲಘಟಗಿ ಕಡೆ ಹೊನ್ನೆ, ಮತ್ತಿ, ನೇರಳೆ ಬರುತ್ತವೆ. ಶಿರಹಟ್ಟಿ, ಮುಂಡರಗಿ ಕಡೆ ಬೇವು, ಹುಣಸೆ, ಕಮರ. ಬೇವಿಗೆ ಸಸಿಯೇ ಬೇಡ. ಹಣ್ಣು ಉದುರಿದಾಗ ಆರಿಸಿ, ಒಂದೆರಡು ವಾರದೊಳಗೆ ಊರಿ. ಹಳೆಯದಾದರೆ ಮೊಳೆಯುವುದಿಲ್ಲ. ಉಳಿದವಕ್ಕೆ ಅರಣ್ಯ ಇಲಾಖೆಯ ನರ್ಸರಿ ಇದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ಬರೆಸಿದರೆ ಬದುಕಿದ ಸಸಿ ಎಣಿಸಿ ಮೂರು ವರ್ಷ ಹಣ ಕೊಡುತ್ತಾರೆ. ಗಂಧ ಹಾಕಬೇಕೆಂದರೆ ಹಾಕಿ, ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ನಂತರ ಅದು ಹೊಲದ ಮಾಲೀಕನದೇ. ಆದರೆ ಕಳ್ಳರ ಕಾಟ ಇದೆ, ಮನೆ ಹತ್ತಿರ ಇಲ್ಲದಿದ್ದರೆ ನಾನಂತೂ ಹಾಕುವುದಿಲ್ಲ.

ಬೇಲಿಗೆ ಬಳ್ಳಾರಿ ಜಾಲಿಯ ಮುಳ್ಳು ಸಾಕು, ತಂತಿ ಬೇಡ. ಆದರೆ ಕಾಯಿ ಇರುವ ಟೊಂಗೆ ತರಬೇಡಿ, ಮುಂದಿನ ವರ್ಷ ಅದನ್ನೇ ಕೀಳುತ್ತಾ ಕೂರಬೇಕಾಗುತ್ತದೆ. ಹೋಳಿ ಹುಣ್ಣಿಮೆಯ ಮೊದಲೇ ಸುತ್ತ ಹತ್ತು ಅಡಿ ಹುಲ್ಲು ಕೆರೆದು ಬೆಂಕಿ ದಾರಿ ಮಾಡಿ. ಪಕ್ಕದ ಹೊಲದವರು ಬದುವಿಗೆ ಬೆಂಕಿ ಇಡುವುದು ಆಗಲೇ. ಅವರಿಗೂ ಒಂದು ಮಾತು ಹೇಳಿಡಿ.